ತಾರೀಖಿಲ್ಲದ ನಾಳೆ

ಕಣ್ಣು ಕಾಣದ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಉತ್ತರವನ್ನು ಬಾಯಲ್ಲಿ ಹೇಳುತ್ತಾರೆ, ಪಕ್ಕದಲ್ಲಿ ಕೂತ ಇನ್ನೊಬ್ಬರು ಅದನ್ನು ಬರೆಯುತ್ತಾರೆ. ಹಾಗೆ ಬರೆಯುವವರನ್ನು ಹುಡುಕಿಕೊಡುವುದು ನಮ್ಮ ಟ್ರಸ್ಟಿನ ಕೆಲಸ. ವಿಜಯನಗರದ ಒಂದು ಟೈಲರ್ ಅಂಗಡಿಯ ಮೇಲೆ ನಮ್ಮದೊಂದು ರೂಮು. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಮನೆಯಲ್ಲಿ ಕೂತು ಧಾರಾವಾಹಿ ನೋಡುವುದು ನನ್ನ ಜಾಯಮಾನಕ್ಕೆ ಒಗ್ಗದೆ ಅಲ್ಲಿಗೆ ಹೋಗಿ ಸೇರಿಕೊಂಡೆ. ಬರೆಯುವವರ ಜೊತೆ ಫೋನಿನಲ್ಲಿ ಮಾತಾಡುವ ಜವಾಬ್ದಾರಿ ನನ್ನ ತಲೆಗೆ ಬಂತು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳಿಗೆ ಆ ಕೆಲಸ ವಹಿಸಿದವರ ಧೈರ್ಯವನ್ನು ಮೆಚ್ಚಬೇಕು.

ಕೇಳುವುದಕ್ಕೆ ಸುಲಭದ ಕೆಲಸ. ಆದರೆ ಬರೆಯಲು ಬರುವವರು ಪರೀಕ್ಷೆ ಕಟ್ಟಿದವರಿಗಿಂತ ಕಡಿಮೆ ಓದಿರಬೇಕು ಎಂಬ ನಿಯಮ ನಮಗೆ ಪರಿಚಯವಿದ್ದ ಕಾಲೇಜುಗಳಲ್ಲೆಲ್ಲ ಇತ್ತು. ಉತ್ತರ ಅವರದಾಗಿರಬಾರದಲ್ಲ, ಅದಕ್ಕೆ. ಹಾಗಾಗಿ ಡಿಗ್ರಿ ಪರೀಕ್ಷೆಗೆ ಡಿಗ್ರಿ ಆದವರನ್ನು ಒಳಗೆ ಬಿಡುವುದಿಲ್ಲ. ನಾನು ಬಿ.ಕಾಂ. ಮಾಡಿದ್ದೇ ಇಲ್ಲಿ ಅನರ್ಹತೆ. ಮೇಲಾಗಿ ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಮುಕ್ಕಾಲು ಪಾಲು ಕನ್ನಡ ಮಾಧ್ಯಮದವರು, ಉತ್ತರ ಕರ್ನಾಟಕದಿಂದ ಬಂದು ನಾಗರಬಾವಿಯ ಪಿ.ಜಿ.ಗಳಲ್ಲಿ ಇರುವವರು. ಅವರು ಹೇಳಿದ ವೇಗಕ್ಕೆ ಕನ್ನಡ ಬರೆಯುವ ಕೈ ಬೇಕು. ಬೆಂಗಳೂರಿನಲ್ಲಿ ಅಂಥ ಕೈ ಹುಡುಕುವುದು ಎಷ್ಟು ಕಷ್ಟ ಎಂದು ಆಮೇಲೆ ತಿಳಿಯಿತು.

ಮೊದಲು ನಮ್ಮವರು ಇನ್‌ಸ್ಟಾಗ್ರಾಂ ಹಿಡಿದರು. ಜಾಹೀರಾತು ಕಂಪನಿಯಲ್ಲಿರುವ ನಮ್ಮ ಸದಸ್ಯೆಯೊಬ್ಬಳು ಕಣ್ಣಿಗೆ ಹಬ್ಬವಾಗುವಂಥ ಪೋಸ್ಟ್‌ಗಳನ್ನು ಮಾಡಿ ಹಾಕಿದಳು. ಎಲ್ಲ ಇಂಗ್ಲಿಷಿನಲ್ಲಿ. ಕೆಂಪು ಹೃದಯಗಳು ರಾಶಿ ರಾಶಿ ಬಂದು ಬಿದ್ದವು. ಬರೆಯುತ್ತೇನೆಂದು ಮುಂದೆ ಬಂದವರೆಲ್ಲ ಎಂಜಿನಿಯರುಗಳು, ಎಂ.ಬಿ.ಎ. ಮಾಡಿದವರು. ನಿಯಮ ಹೇಳಿದರೆ ಪಾಪ, ಮುಖ ಸಪ್ಪಗೆ ಮಾಡಿಕೊಳ್ಳುತ್ತಿದ್ದರು. ಅವರ ಮನಸ್ಸು ನಿಜವಾಗಿಯೂ ಒಳ್ಳೆಯದೇ. ಆದರೆ ಒಂದು ಪ್ಯಾರಾ ಕನ್ನಡ ಬರೆಯಿರಿ ಎಂದರೆ ಒತ್ತಕ್ಷರದ ಹತ್ತಿರ ಬಂದು ನಿಂತುಬಿಡುತ್ತಿದ್ದರು. ಹೃದಯ ಹಾಕಿದವರ ಲೆಕ್ಕ ತೋರಿಸಿ ಆ ಹುಡುಗಿ ಸಂಭ್ರಮಪಟ್ಟಾಗ, ಇವರಲ್ಲಿ ಯಾರು ನಾಡಿದ್ದು ಪರೀಕ್ಷೆ ಬರೆಯಲು ಕೆಂಗೇರಿಗೆ ಬರುತ್ತಾರೆ ಎಂದು ಕೇಳಿ ಅವಳ ಉತ್ಸಾಹಕ್ಕೆ ತಣ್ಣೀರೆರಚಿದವಳು ನಾನೇ.

ನಮ್ಮ ಕೈ ಹಿಡಿದದ್ದು ಬಸವೇಶ್ವರನಗರದ ಪಾರ್ಕಿನ ವಾಟ್ಸಾಪ್ ಗುಂಪು. ನಾನು ಬೆಳಗ್ಗೆ ನಡೆಯಲು ಹೋಗುವ ಪಾರ್ಕ್ ಅದು. ಆ ಗುಂಪಿನ ಯಜಮಾನಿಕೆ ದಾವಣಗೆರೆ ಕಡೆಯಿಂದ ಬಂದು ನೆಲೆಸಿದ ನಿವೃತ್ತ ಅಧಿಕಾರಿಯೊಬ್ಬರದು. ಹಣೆಯ ತುಂಬ ವಿಭೂತಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ, ಕೈಯಲ್ಲಿ ಸದಾ ಫೋನು. ಎಲ್ಲರಿಗೂ ಅವರು ಅಂಕಲ್. ಬೆಳಗಾಗುವ ಮುಂಚೆಯೇ ಅವರ ಶುಭೋದಯ ಬಂದು ಕೂತಿರುತ್ತಿತ್ತು. ಮೇಲೆ ಒಂದು ದಾಸವಾಳ, ಕೆಳಗೆ ಒಂದು ದೀಪ, ನಡುವೆ ಒಳ್ಳೆಯ ಮಾತು. ನಾನು ಅವುಗಳನ್ನು ಓದದೆ ಅಳಿಸುವ ಪೈಕಿ. ಆದರೆ ಒಂದು ದಿನ ಬೆಂಚಿನ ಮೇಲೆ ನಮ್ಮ ಟ್ರಸ್ಟಿನ ಪಾಡು ಹೇಳಿಕೊಂಡೆ. "ಕನ್ನಡದಲ್ಲಿ ಒಂದು ಮೆಸೇಜ್ ಕೊಡಮ್ಮಾ, ಮಿಕ್ಕಿದ್ದು ನನಗೆ ಬಿಡು" ಎಂದರು.

ಅವರಿಗೆ ಎಷ್ಟು ಗುಂಪುಗಳು ಗೊತ್ತಿದ್ದವೋ ದೇವರಿಗೇ ಗೊತ್ತು. ಭಜನಾ ಮಂಡಳಿ, ಯೋಗದ ಗುಂಪು, ಅಪಾರ್ಟ್‌ಮೆಂಟಿನ ಗುಂಪು, ಬಳಗದ ಗುಂಪು. ಮಾರನೆಯ ದಿನವೇ ಫೋನುಗಳು ಬಂದವು. ಪಿ.ಯು.ಸಿ. ಓದುವ ಹುಡುಗಿಯರು, ಓದು ನಿಲ್ಲಿಸಿ ಅಂಗಡಿಯಲ್ಲಿ ಕೂತ ಹೆಂಗಸರು, ಚಕಚಕನೆ ಕನ್ನಡ ಬರೆಯುವವರು. ಚಂದದ ಪೋಸ್ಟ್‌ಗಳಿಂದ ಆಗದ್ದು ದಾಸವಾಳದಿಂದ ಆಯಿತು. ಅಂದಿನಿಂದ ನಾನು ಶುಭೋದಯಗಳನ್ನು ಓದಲು ಶುರು ಮಾಡಿದೆ.

ಕೆಲವು ತಿಂಗಳು ಕಳೆದ ಮೇಲೆ ವಿಚಿತ್ರ ಕರೆಗಳು ಬರತೊಡಗಿದವು. "ಮೇಡಂ, ನಾಳೆ ಪರೀಕ್ಷೆ ಬರೆಯೋಕೆ ಯಾರೋ ಬೇಕಂತಲ್ಲ?" ಎನ್ನುವರು. ಯಾವ ನಾಳೆ? ಆ ಪರೀಕ್ಷೆ ಎಂದೋ ಮುಗಿದಿತ್ತು. ನಂದಿನಿ ಲೇಔಟಿನಿಂದ ಒಬ್ಬರು, ಅನ್ನಪೂರ್ಣೇಶ್ವರಿ ನಗರದಿಂದ ಇನ್ನೊಬ್ಬರು, ತುಮಕೂರಿನಿಂದ ಮತ್ತೊಬ್ಬರು. ನಾನು ಪ್ರತಿ ಸಂದೇಶದಲ್ಲೂ ತಾರೀಖು, ವಾರ, ಹೊತ್ತು ಬರೆದೇ ಕಳಿಸುತ್ತಿದ್ದೆ; ಅದು ಗುಂಪಿಗೆ ಬಂದಾಗ, ನಾನೇ ಬರೆದದ್ದಲ್ಲವೇ ಎಂದು ಮತ್ತೆ ಓದುತ್ತಿರಲಿಲ್ಲ. ಈ ಜನ ಕಣ್ಣು ಬಿಟ್ಟು ಓದಬಾರದೇ ಎಂದು ಗೊಣಗಿಕೊಂಡೆ. ಹಿಂದೆ ಮನೆ ಬಾಗಿಲಿಗೆ ದೆವ್ವ ಬರದಂತೆ 'ನಾಳೆ ಬಾ' ಎಂದು ಬರೆಯುತ್ತಿದ್ದರಂತೆ. ನಮ್ಮ ಬಾಗಿಲಿಗೂ ಯಾರೋ ಹಾಗೆ ಬರೆದಿಟ್ಟಂತಾಗಿತ್ತು. ಬರುತ್ತಿದ್ದವರು ಮಾತ್ರ ದೆವ್ವಗಳಲ್ಲ, ಸಹಾಯ ಮಾಡಲು ಹೊರಟ ಒಳ್ಳೆಯ ಜನ. ಮುಗಿದುಹೋಯಿತು ಎಂದಾಗ ಕೆಲವರು ಸಿಟ್ಟಾದರು. "ಮುಗಿದಿರೋದಕ್ಕೆ ಯಾಕ್ರೀ ಮೆಸೇಜ್ ಬಿಡ್ತೀರಾ, ಜನಕ್ಕೆ ಬೇರೆ ಕೆಲಸ ಇಲ್ವಾ" ಎಂದು ಒಬ್ಬರು ಫೋನಿಟ್ಟರು. ಹೆಚ್ಚಿನವರು ಮಾತ್ರ ಕೊನೆಗೆ ಒಂದೇ ಮಾತು ಕೇಳುತ್ತಿದ್ದರು. "ಹೋಗ್ಲಿ ಬಿಡಿ, ಆ ಮಗು ಬರೀತಾ ಮೇಡಂ? ಯಾರಾದ್ರೂ ಸಿಕ್ಕಿದ್ರಾ?"

ಅಂಥ ದಿನಗಳಲ್ಲೇ ಆ ಹುಡುಗಿಯ ಪರೀಕ್ಷೆ ಬಂತು. ಯಾದಗಿರಿ ಕಡೆಯವಳು, ಹುಟ್ಟಿನಿಂದ ದೃಷ್ಟಿಯಿಲ್ಲ. ನಾಗರಬಾವಿಯ ಪಿ.ಜಿ.ಯಲ್ಲಿದ್ದಳು. ಹಿಂದೊಮ್ಮೆ ಟೈಫಾಯ್ಡ್ ಬಂದು ಬಿಟ್ಟುಹೋದ ಇತಿಹಾಸದ ಒಂದು ಪೇಪರ್ ಬಿಟ್ಟರೆ ಅವಳ ಬಿ.ಎ. ಮುಗಿದಂತೆಯೇ. ಅದಾದರೆ ಬಿ.ಎಡ್. ಸೇರಿ ಟೀಚರ್ ಆಗುವ ಆಸೆ. ಊರಿನಲ್ಲಿ ಅಪ್ಪನ ಲೆಕ್ಕಾಚಾರ ಬೇರೆ. ಈ ಸಲ ಮುಗಿಸಿದರೆ ಸರಿ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಬಾ ಎಂದಿದ್ದರು. "ಅವರದೇನ್ ತಪ್ಪಿಲ್ರಿ ಅಕ್ಕಾರ, ಊರಾಗ ಕೇಳೋರು ಭಾಳ ಮಂದಿ ಇರ್ತಾರ" ಎಂದು ಅಪ್ಪನ ಪರವಾಗಿ ಅವಳೇ ವಾದಿಸುತ್ತಿದ್ದಳು. ನನಗೆ ಅವಳೆಂದರೆ ವಿಶೇಷ ಅಕ್ಕರೆ. ನನ್ನ ಸಿಡುಕಿಗೆ ನಗುವವಳು ಅವಳೊಬ್ಬಳೇ.

ಅವಳಿಗೆ ಬರೆಯಬೇಕಿದ್ದ ಪಿ.ಯು. ಹುಡುಗಿಗೆ ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಮೈಮೇಲೆ ಸೀತಾಳೆ ಸಿಡುಬಿನ ಗುಳ್ಳೆ ಎದ್ದಿತು. ತಕ್ಷಣ ಸಂದೇಶ ಸಿದ್ಧಮಾಡಿ ಅಂಕಲ್‌ಗೆ ಕಳಿಸಿದೆ. ಐದು ನಿಮಿಷದಲ್ಲಿ "ಕಳಿಸಿದ್ದೀನಮ್ಮಾ, ಎಲ್ಲಾ ಕಡೆಗೂ" ಎಂದು ಉತ್ತರ ಬಂತು. ಸಾಯಂಕಾಲದವರೆಗೆ ಫೋನು ಬಾಯಿಬಿಡಲಿಲ್ಲ. ಮುಗಿದ ಪರೀಕ್ಷೆಗೆಲ್ಲ ಬಡಿದುಕೊಳ್ಳುತ್ತಿದ್ದ ಫೋನು ಅಂದು ಸತ್ತಂತೆ ಬಿದ್ದಿತ್ತು. ಹಿಂದೆ ಬರೆದವರಿಗೆಲ್ಲ ನಾನೇ ಫೋನ್ ಮಾಡಿದೆ. ಒಬ್ಬಳಿಗೆ ಅವಳದೇ ಪರೀಕ್ಷೆ, ಒಬ್ಬಳು ಊರಿನಲ್ಲಿ, ಇನ್ನೊಬ್ಬಳಿಗೆ ಅಂಗಡಿಯಿಂದ ರಜೆ ಸಿಗಲಿಲ್ಲ.

ಬೆಳಗ್ಗೆ ನಾನೇ ಅವಳನ್ನು ಆಟೋದಲ್ಲಿ ಕೆಂಗೇರಿಯ ಆಚೆಯ ಕಾಲೇಜಿಗೆ ಕರೆದುಕೊಂಡು ಹೋದೆ. ಪರೀಕ್ಷೆಯ ಮೇಲ್ವಿಚಾರಕರು ಸಭ್ಯರೇ. "ನಿಮ್ಮದು ಡಿಗ್ರಿ ಆಗಿದ್ಯಾ ಮೇಡಂ?" ಎಂದು ಮೆಲ್ಲಗೆ ಕೇಳಿದರು. ಇಲ್ಲ ಎನ್ನಲು ಬಾಯಿ ತೆರೆದಿದ್ದೆ. ಹುಡುಗಿ ನನ್ನ ಕೈ ಜಗ್ಗಿದಳು.

"ಬ್ಯಾಡ್ರಿ ಅಕ್ಕಾರ. ಗೊತ್ತಾದ್ರ ಇದ್ದ ಪೇಪರೂ ರದ್ದಾಗ್ತಾವ. ನಾ ಹಾಜರಿ ಹಾಕಿ ಬರ್ತೀನಿ."

ಹಾಜರಿ ಹಾಕಿ ಬರುತ್ತೇನೆ ಎಂದವಳು ಬರಲಿಲ್ಲ. ನಾನು ಗೇಟಿನ ಹೊರಗೆ ಕಬ್ಬಿನ ಹಾಲಿನ ಗಾಡಿಯ ಪಕ್ಕ ನಿಂತು ಫೋನ್ ಮಾಡುತ್ತಲೇ ಇದ್ದೆ. ಅರ್ಧ ಗಂಟೆ ದಾಟಿದ ಮೇಲೆ ಬರೆಯುವವರನ್ನೂ ಒಳಗೆ ಬಿಡುವುದಿಲ್ಲ ಎಂದು ಗೊತ್ತಿದ್ದರೂ ಮಾಡುತ್ತಿದ್ದೆ. ಗಂಟೆ ಹೊಡೆದು ಎಲ್ಲರೂ ಹೊರಬಿದ್ದ ಮೇಲೆ ಅವಳು ಕೋಲು ತಟ್ಟುತ್ತ ಬಂದಳು. ಇಷ್ಟು ಹೊತ್ತು ಒಳಗೆ ಏನು ಮಾಡುತ್ತಿದ್ದೆ ಎಂದು ಕೇಳಿದೆ. "ಸುಮ್ನ ಕೂತಿದ್ದೆ. ನಡೀರಿ, ಹೋಗೂಣು" ಎಂದಳು. ದಾರಿಯುದ್ದಕ್ಕೂ ನಾನು ಕಾಲೇಜನ್ನು, ನಿಯಮವನ್ನು, ಸಿಡುಬನ್ನು ಬೈಯುತ್ತ ಬಂದೆ. ಆ ದಿನ ಅವಳು ನಗಲಿಲ್ಲ.

ಪಿ.ಜಿ.ಗೆ ಅವಳನ್ನು ಬಿಟ್ಟು ವಾಪಸಾಗುವಾಗ ರಾಜಾಜಿನಗರದ ಒಬ್ಬ ಹೆಂಗಸು ಫೋನ್ ಮಾಡಿದರು. "ನಾಳೆ ಪರೀಕ್ಷೆ ಅಂತ ನಿನ್ನೆ ಮೆಸೇಜ್ ಬಂತು. ಹಳೇದೇ ಇರ್ಬೇಕು ಅಂದ್ಕೊಂಡೆ. ನಮ್ಮ ಗ್ರೂಪಲ್ಲಿ ಯಾರೋ ಅದು ಫೇಕ್, ಫೋನ್ ಮಾಡ್ಬೇಡಿ ಅಂತ್ಲೂ ಹಾಕಿದ್ರು. ಯಾಕೋ ಮನಸ್ಸು ತಡೀಲಿಲ್ಲ, ಕೇಳೋಣ ಅಂತ." ಆ ಸಂದೇಶವನ್ನು ನನಗೇ ಕಳಿಸಿ ಎಂದೆ. ಕಳಿಸಿದರು. ಮೇಲೆ ದಾಸವಾಳ, ಕೆಳಗೆ ದೀಪ. ನಡುವೆ ನನ್ನದೇ ಸಾಲುಗಳು, ತಾರೀಖು ಮತ್ತು ವಾರ ಎರಡೂ ಮಾಯ. 'ನಾಳೆ' ಒಂದೇ ಉಳಿದಿತ್ತು.

ಮೈಯೆಲ್ಲ ಉರಿದುಹೋಯಿತು. ಆಟೋದವನಿಗೆ ಸೀದಾ ಬಸವೇಶ್ವರನಗರಕ್ಕೆ ಬಿಡಪ್ಪಾ ಎಂದೆ. ಅಂಕಲ್ ವರಾಂಡದಲ್ಲೇ ಕೂತಿದ್ದರು. ನನ್ನನ್ನು ಕಂಡವರೇ ಎದ್ದು, "ಏನಾಯ್ತಮ್ಮಾ, ಸಿಕ್ಕಿದ್ರಾ ಯಾರಾದ್ರೂ?" ಎಂದರು. ಫೋನು ಅವರ ಮುಖಕ್ಕೆ ಹಿಡಿದೆ. ಇದರಲ್ಲಿದ್ದ ತಾರೀಖು ಎಲ್ಲಿ ಹೋಯಿತು ಎಂದು ಕೇಳಿದೆ.

"ನಾನೇ ತೆಗೀತೀನಲ್ಲಮ್ಮಾ ಯಾವಾಗ್ಲೂ" ಎಂದರು, ಒಂದಿಷ್ಟೂ ಅಳುಕಿಲ್ಲದೆ. "ತಾರೀಖು ಇದ್ರೆ ಮಾರನೇ ದಿನಕ್ಕೆ ಹಳೇದಾಗೋಗುತ್ತೆ, ಜನ ಮುಂದಕ್ಕೆ ಕಳಿಸಲ್ಲ. ಶುಭೋದಯಕ್ಕೂ ನಾನು ತಾರೀಖು ಹಾಕಲ್ಲ, ಅದಕ್ಕೇ ಅದು ಊರೆಲ್ಲಾ ಸುತ್ತುತ್ತೆ. ನಿಮ್ಮ ಕೆಲಸಾನೂ ಸುತ್ತಲಿ, ಬಾಳಿಕೆ ಬರ್ಲಿ ಅಂತ."

ಬೈಗುಳಗಳನ್ನು ದಾರಿಯುದ್ದಕ್ಕೂ ಸಾಲಾಗಿ ಜೋಡಿಸಿಕೊಂಡು ಬಂದಿದ್ದೆ. ಅವನ್ನೆಲ್ಲ ಬಿಟ್ಟು ಬೆಳಗ್ಗೆಯಿಂದ ನಡೆದದ್ದನ್ನು ಮಾತ್ರ ಹೇಳಿದೆ. ಹಳೆಯ ನಾಳೆಗಳ ನಡುವೆ ನಿಜವಾದ ನಾಳೆ ಯಾವುದೆಂದು ಯಾರಿಗೂ ತಿಳಿಯದೆ ಹೋಯಿತು, ಹುಡುಗಿ ಖಾಲಿ ಕೂತು ಬಂದಳು ಎಂದೆ. ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಅಷ್ಟು ವಯಸ್ಸಾದವರ ಮುಖ ಹಾಗೆ ಬಾಡಿದ್ದನ್ನು ನೋಡಲು ನನಗೆ ಕಷ್ಟವಾಯಿತು. ಸಿಟ್ಟಿನಿಂದ ಬಂದವಳು ಸಮಾಧಾನ ಹೇಳುತ್ತ ಕೂತೆ.

ಅವರ ಹೆಂಡತಿ ಮಜ್ಜಿಗೆ ತಂದಿಟ್ಟು ಬಾಗಿಲ ಹತ್ತಿರವೇ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಆಕೆ ನನ್ನೊಡನೆ ಹೆಚ್ಚು ಮಾತಾಡಿದ್ದೇ ಇಲ್ಲ. ಈಗ ಕೇಳಿದರು. "ಅಲ್ಲಾ ಮೇಡಂ, ಹಂಗೆ ಬರೆಯೋಕೆ ಎಷ್ಟು ಓದಿರ್ಬೇಕು?"

ಡಿಗ್ರಿ ಆಗಿರಬಾರದು, ಕನ್ನಡ ಬೇಗ ಬರೆಯಲು ಬರಬೇಕು, ಅಷ್ಟೇ ಎಂದೆ.

"ನಂದು ಪಿ.ಯು.ಸಿ. ಮದುವೆ ಅಂತ ಅಲ್ಲಿಗೇ ನಿಲ್ಲಿಸಿದ್ರು. ಇವರು ಕಳಿಸೋ ಮೆಸೇಜು ದಿನಾ ಓದ್ತೀನಿ. ಪರೀಕ್ಷೆ ಅಂದ್ರೆ ದೊಡ್ಡ ದೊಡ್ಡ ಓದು ಓದಿರೋರೇ ಬೇಕೇನೋ ಅಂದ್ಕೊಂಡಿದ್ದೆ."

ಗಂಡ ಹೆಂಡತಿಯ ಮುಖವನ್ನು ಹೊಸದಾಗಿ ನೋಡುವಂತೆ ನೋಡಿದರು. ನಾನೂ ನೋಡಿದೆ. ಊರಿಗೆಲ್ಲ ಸಾರಿದ್ದ ಸಂದೇಶದಲ್ಲಿ ಎಷ್ಟು ಓದಿದವರು ಬರಬಹುದು ಎಂಬ ಒಂದು ಸಾಲು ಇರಲಿಲ್ಲ. ಫೋನ್ ಮಾಡಿದವರಿಗೆ ಹೇಳಿದರಾಯಿತು ಎಂದು ಟ್ರಸ್ಟಿನಲ್ಲಿ ಎಲ್ಲರೂ ಅಂದುಕೊಂಡಿದ್ದೆವು. ಫೋನೇ ಮಾಡದವರು ಇಂಥ ಮನೆಗಳಲ್ಲಿ ಸುಮ್ಮನೆ ಓದಿಕೊಂಡು ಕೂತಿದ್ದರು.

ಹುಡುಗಿಯ ಅಪ್ಪನಿಗೆ ಅಂಕಲ್ ಸ್ವತಃ ಫೋನ್ ಮಾಡಿದರು. ನನ್ನಿಂದ ಹೀಗಾಯಿತು ಯಜಮಾನ್ರೇ, ಇನ್ನೊಂದು ಅವಕಾಶ ಕೊಡಿ ಎಂದು ಎಷ್ಟು ಹೊತ್ತು ಕೇಳಿಕೊಂಡರೋ. ಮುಂದಿನ ಪರೀಕ್ಷೆಯವರೆಗೆ, ಅದು ಬಿಟ್ಟರೆ ಇಲ್ಲ ಎಂದು ಆತ ಒಪ್ಪಿದರು. ಆಮೇಲೆ ಅಂಕಲ್ ಹಳೆಯ ಸಂದೇಶಗಳನ್ನು ಹಿಂದಕ್ಕೆ ತರಲು ಹೊರಟರು. ಅದು ಆಗುವ ಮಾತೇ? ಬಿಟ್ಟ ಸಂದೇಶ ಯಾವ ಗುಂಪಿನಿಂದ ಯಾವ ಗುಂಪಿಗೆ ಹಾರಿದೆ ಎಂದು ಯಾರಿಗೆ ಗೊತ್ತು. ಆದರೂ ಗೊತ್ತಿದ್ದ ಗುಂಪುಗಳ ಮುಖ್ಯಸ್ಥರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ವಿವರಿಸಿದರು. ಹತ್ತಿರದವರ ಮನೆಗೇ ನಡೆದುಕೊಂಡು ಹೋದರು. ಫೇಕ್ ಎಂದು ಹಾಕಿದವರನ್ನೂ ಹುಡುಕಿ, ಅವರ ಮನೆಯಲ್ಲಿ ಕಾಫಿ ಕುಡಿದು ಬಂದರು.

ನಾವೂ ರೀತಿ ಬದಲಿಸಿದೆವು. ಇನ್ನು ಮೇಲೆ ಮೊದಲ ಸಾಲಿನಲ್ಲೇ ತಾರೀಖು ಮತ್ತು ವಾರ, ಎರಡನೆಯ ಸಾಲಿನಲ್ಲಿ ಯಾರು ಬರಬಹುದು. ಪರೀಕ್ಷೆ ಮುಗಿದ ದಿನವೇ ಅದೇ ಗುಂಪುಗಳಿಗೆ ಇನ್ನೊಂದು ಸಂದೇಶ: ಬರೆದಾಯಿತು, ಬಂದವರಿಗೆ ನಮಸ್ಕಾರ. ಇದನ್ನು ಸೂಚಿಸಿದ್ದು ಇನ್‌ಸ್ಟಾಗ್ರಾಮಿನ ಹುಡುಗಿ. "ಕೇಳೋದು ಮಾತ್ರ ನಮಗೆ ಗೊತ್ತು ಆಂಟಿ, ಆಮೇಲೆ ಏನಾಯ್ತು ಅಂತ ಹೇಳೋದೇ ಇಲ್ಲ" ಎಂದಳು. ಅವಳು ಹೇಳಿದ್ದು ನಿಜ. ಆ ಮಗು ಬರೀತಾ ಎಂದು ತಿಂಗಳುಗಟ್ಟಲೆ ಅಷ್ಟು ಜನ ಕೇಳಿದ್ದರು.

ಅಂಕಲ್ ಹೆಂಡತಿಯ ಅಭ್ಯಾಸ ಅವರ ಮನೆಯ ಊಟದ ಮೇಜಿನ ಮೇಲೆ ನಡೆಯಿತು. ಹುಡುಗಿ ವಾರಕ್ಕೊಮ್ಮೆ ಬಂದು ಉತ್ತರ ಹೇಳುವಳು, ಆಕೆ ಬರೆಯುವರು. ದುಂಡಗಿನ ಅಕ್ಷರ, ಒಳ್ಳೆಯ ವೇಗ. ತೊಂದರೆ ಒಂದೇ, ಆಕೆಯ ಮನಸ್ಸು ಕಥೆಯಲ್ಲೇ ನೆಟ್ಟುಬಿಡುತ್ತಿತ್ತು. ಯಾವುದೋ ರಾಜ ಕೋಟೆಯೊಳಗೆ ಸಿಕ್ಕಿಬಿದ್ದ ಘಟ್ಟಕ್ಕೆ ಬಂದಾಗ ಪೆನ್ನು ನಿಲ್ಲಿಸಿ, "ಅಯ್ಯೋ, ಆಮೇಲೆ?" ಎನ್ನುವರು.

"ನೀವು ಬರೀರಿ ಅಮ್ಮಾರ, ಆಮೇಲಿಂದು ತಾನ ಬರ್ತದ" ಎಂದು ಹುಡುಗಿ ನಗುತ್ತಿದ್ದಳು. ಅವಳು ಮತ್ತೆ ನಕ್ಕದ್ದನ್ನು ಕೇಳಿ ನನ್ನ ಎದೆಯ ಭಾರ ಇಳಿದಿತ್ತು.

ಬೇಸಿಗೆ ಕಳೆದ ಮೇಲೆ ಪರೀಕ್ಷೆ ಬಂತು. ಇಬ್ಬರೂ ಒಟ್ಟಿಗೆ ಒಳಗೆ ಹೋದರು, ಒಟ್ಟಿಗೆ ಹೊರಗೆ ಬಂದರು. ಆಕೆಯ ಬೆರಳುಗಳು ಸೆಟೆದುಕೊಂಡಿದ್ದವು. ಅಂಕಲ್ ಗೇಟಿನಲ್ಲೇ ಹೆಂಡತಿಯ ಕೈ ಹಿಡಿದು ನೀವಿದರು, ಸುತ್ತ ಜನ ಇದ್ದಾರೆಂಬ ಸಂಕೋಚವೂ ಇಲ್ಲದೆ. ಫಲಿತಾಂಶ ಬಂದ ದಿನ ಹುಡುಗಿ ನಾಗರಬಾವಿಯಿಂದ ಸಿಹಿ ಹಿಡಿದು ಅವರ ಮನೆಗೆ ಬಂದಳು. ನಾನೂ ಹೋದೆ. ಪಾಸಾಗಿದ್ದಳು. ಅಪ್ಪ ಬಿ.ಎಡ್.ಗೆ ಹೂಂ ಅಂದಿದ್ದರು.

ಈ ಸುದ್ದಿಯನ್ನು ಗುಂಪುಗಳಿಗೆ ಹೇಗೆ ಬರೆಯುವುದೆಂದು ನಾನು ಯೋಚಿಸುತ್ತಿದ್ದಾಗ, ನಾನೇ ಮಾತಾಡ್ತೀನ್ರಿ ಎಂದಳು ಅವಳು. ಅಂಕಲ್ ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದರು. ಮೊದಲು ಆ ದಿನದ ತಾರೀಖು ಹೇಳಿ ಶುರು ಮಾಡಿದಳು.

"ಎಲ್ಲಾರಿಗೂ ನಮಸ್ಕಾರ್ರಿ. ನಾನು ಪಾಸಾಗೀನಿ. ಹೋದ ಸಲ ನನಗ ಬರಿಯೋರು ಸಿಕ್ಕಿರಲಿಲ್ಲ. ಹಾಜರಿ ಹಾಕಿ ಎದ್ದು ಬರಬಹುದಿತ್ತು, ಬರಲಿಲ್ಲ. ಸರ್ ಒಬ್ಬರು ಪ್ರಶ್ನಿ ಓದಿ ಹೇಳಿದ್ರು. ಎಲ್ಲಾ ಬರ್ತಿತ್ರಿ ನನಗ. ಆ ರೂಮಿನಾಗ ನನ್ನಂಗ ಕಣ್ಣು ಕಾಣಲಾರದೋರು ಇನ್ನೂ ಇದ್ರು, ಅವರ ಬಾಜೂಕ ಬರಿಯೋರು ಇದ್ರು. ಸುತ್ತೂ ಕಡೆ ಪೆನ್ನಿನ ಸಪ್ಪಳ. ನಾನೂ ಬಾಯಾಗ ಒಂದೊಂದ ಉತ್ತರ ಹೇಳ್ಕೋತ ಹೋದೆ, ಯಾರಿಗೂ ಕೇಳಿಸಲಾರದಂಗ. ಕಡೀ ಪ್ರಶ್ನಿ ತನಕ ಎಲ್ಲಾ ಹೇಳಿದೆ. ಗಂಟಿ ಹೊಡೀತು, ಖಾಲಿ ಕಾಗದ ಕೊಟ್ಟು ಬಂದೆ. ಈ ಸಲ ಆ ಸಪ್ಪಳದಾಗ ನಂದೂ ಒಂದು ಪೆನ್ನಿತ್ರಿ."

ಸುಮ್ಮನೆ ಕೂತಿದ್ದೆ ಎಂದು ಅವಳು ಅಂದು ಹೇಳಿದ್ದನ್ನು ನಾನು ನಂಬಿದ್ದೆ. ಅಂಕಲ್ ಫೋನು ಕೆಳಗಿಟ್ಟು ಕಿಟಕಿಯ ಕಡೆ ತಿರುಗಿದರು. ಅವರ ಹೆಂಡತಿ ಹುಡುಗಿಯ ಪಕ್ಕದಲ್ಲೇ ಕೂತಿದ್ದರು. ಅವಳ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಹೇಳಿದರು.

"ಅವತ್ತು ನಾನು ಮನೇಲೇ ಇದ್ದೆ ಕಣಮ್ಮ. ಆ ಮೆಸೇಜ್ ಓದಿ ಪಕ್ಕಕ್ಕಿಟ್ಟು, ಇಲ್ಲೇ ಈ ಮೇಜಿನ ಮುಂದೆ ಅವರೆಕಾಳು ಹಿಸುಕ್ತಾ ಕೂತಿದ್ದೆ."